ಎಂಟು ಸೀಸೆಗೂ ಒಂದೇ ಬಾಯಿ

"ನಾನು ಸುಳ್ಳು ಹೇಳಿಲ್ಲ ಮೇಡಂ," ಎಂದಳು ಸಂಶೋಧಕಿ ಹುಡುಗಿ.

ಡಾಕ್ಟರಮ್ಮ ತಲೆ ಎತ್ತಲಿಲ್ಲ. ಎಂಜಲಿನ ಪ್ರೋಟೀನುಗಳನ್ನು ಪರೀಕ್ಷಿಸುವ ಆ ಲ್ಯಾಬಿಗೆ ಅವರೇ ಮುಖ್ಯಸ್ಥೆ; ಅಲ್ಲಿ ಏನು ಕಳೆದರೂ ಕೆಟ್ಟರೂ ಕಳ್ಳನನ್ನು ಹಿಡಿಯುವವರೂ ಅವರೇ. ಒಂದು ಕುಟುಂಬದ ಎಂಟು ಜನರ ಎಂಜಲಿನಲ್ಲಿ ಹೊಸದೊಂದು ಪ್ರೋಟೀನ್ ಸಿಕ್ಕಿದೆ ಎಂದು ಹುಡುಗಿ ಹೇಳಿದ್ದಳು. ಫ್ರೀಜರಿನಲ್ಲಿದ್ದ ಆ ಎಂಟು ಸೀಸೆಗಳಲ್ಲಿ ಡಾಕ್ಟರಮ್ಮ ಅದೊಂದನ್ನೇ ಹುಡುಕಿದರು, ಸುಳಿವೇ ಇಲ್ಲ. "ಬರೀ ಕಟ್ಟುಕತೆ ಅಕ್ಕಾ, ಕಳಿಸಿಬಿಡು," ಎಂದ ಉಪಮುಖ್ಯಸ್ಥ, ಅವರ ಒಡಹುಟ್ಟಿದ ತಮ್ಮ. ಸಂಜೆಗೆ ಹುಡುಗಿಯನ್ನು ಹೊರಹಾಕುವುದೆಂದೂ ಆಗಿಹೋಯಿತು.

ಲ್ಯಾಬಿನ ಹಳೆಯ ಸಹಾಯಕನಿಗೆ ಇದು ಸರಿಕಾಣಲಿಲ್ಲ. ವರ್ಷಗಟ್ಟಲೆ ಕತ್ತೆಯ ಹಾಗೆ ದುಡಿದವಳು, ಇವಳು ಸುಳ್ಳು ಹೇಳುತ್ತಾಳೆಯೇ?

"ಎಂಟನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅಮ್ಮಾ. ಅದಕ್ಕೆ ನಮ್ಮ ಗಂಟೇನು ಹೋಗುತ್ತೆ?" ಎಂದು ಗೊಣಗಿದ.

ಇಬ್ಬರೂ ಕೂತು ಎಂಟನ್ನೂ ಪ್ರೋಟೀನುಗಳನ್ನು ಬೇರೆಬೇರೆ ಮಾಡಿ ತೋರಿಸುವ ಜೆಲ್ ಮೇಲೆ ಓಡಿಸಿದರು. ಪ್ರೋಟೀನುಗಳು ನೀಲಿ ಗೆರೆಗಳಾಗಿ ಮೂಡಿದವು. ಎಂಟರಲ್ಲೂ ಒಂದೇ ವಿನ್ಯಾಸ. ಎಂಟರಲ್ಲೂ ಹೆಚ್ಚುಕಡಿಮೆ ಎಲ್ಲರಿಗೂ ಇರುವ ಒಂದು ಗೆರೆ ನಾಪತ್ತೆ. ಹೋಲಿಸಲು ಪಕ್ಕದಲ್ಲಿ ಸಿಬ್ಬಂದಿಯ ಎಂಜಲೂ ಇತ್ತು. ಕೆಲಸಕ್ಕೆ ಸೇರಿದವರು ಮೊದಲ ದಿನವೇ ಸೀಸೆಗೆ ಉಗಿದು ಕೊಡುವುದು ಅಲ್ಲಿನ ವಾಡಿಕೆ. ತಮ್ಮ ಮಹಾಶಯ ಮಾತ್ರ ಬಾಯಿಹುಣ್ಣು, ನೆಗಡಿ ಎಂದು ತಪ್ಪಿಸಿಕೊಳ್ಳುತ್ತಲೇ ಬಂದಿದ್ದ. ಜೆಲ್ ನೋಡುತ್ತ ನೋಡುತ್ತ ಡಾಕ್ಟರಮ್ಮನ ಮುಖ ಕಪ್ಪಿಟ್ಟಿತು.

ಸಂಜೆ ಎಲ್ಲರನ್ನೂ ಕರೆದರು.

"ಎಂಟು ಜನರ ಎಂಜಲು ಎಂಟು ಥರ ಇರಬೇಕು. ಇಲ್ಲಿರೋದು ಒಂದೇ ಬಾಯಿದು. ಯಾರೋ ಸೀಸೆ ಖಾಲಿ ಮಾಡಿ ತಮ್ಮದನ್ನ ತುಂಬಿದ್ದಾರೆ. ನೀರು ತುಂಬಿದ್ರೆ ತಕ್ಷಣ ಸಿಕ್ಕಿಬೀಳ್ತೀವಿ ಅಂತ ಗೊತ್ತಿದ್ದವರು. ನಾನು ಹೊಸ ಪ್ರೋಟೀನ್ ಇದೆಯಾ ಅಂತಷ್ಟೇ ನೋಡ್ತೀನಿ, ಉಳಿದದ್ದು ನೋಡಲ್ಲ ಅಂದ್ಕೊಂಡ್ರು. ನಾನೂ ಹಾಗೇ ಮಾಡಿದೆ. ಆ ಕಾಣೆಯಾದ ಗೆರೆ ಇದೆಯಲ್ಲ, ತಂದೆ ತಾಯಿ ಇಬ್ಬರಿಂದಲೂ ಆ ಕೊರತೆ ಬಂದರೆ ಮಾತ್ರ ಹಾಗಾಗೋದು. ಸಿಬ್ಬಂದಿಯಲ್ಲಿ ಅದಿಲ್ಲದವಳು ನಾನೊಬ್ಬಳೇ. ಆದರೆ ಉಳಿದ ಗೆರೆಗಳು ನನ್ನವಲ್ಲ." ಖಾಲಿ ಸೀಸೆಯೊಂದನ್ನು ತಮ್ಮನ ಮುಂದಿಟ್ಟರು. "ಅದೇ ತಂದೆ ತಾಯಿಗೆ ಹುಟ್ಟಿದವನು ನೀನು. ಉಗಿ."

ಅವನು ಸೀಸೆ ಮುಟ್ಟಲಿಲ್ಲ. "ಇವಳು ಹೆಸರು ಮಾಡಿದ್ರೆ ನಿನ್ನ ಕುರ್ಚಿ ನನಗೆ ಸಿಗ್ತಿತ್ತಾ ಅಕ್ಕಾ?"

"ಹೊರಗೆ ನಡಿ. ದೂರು ನಾನೇ ಕೊಡ್ತೀನಿ."

ಅವನು ಹೋದ ಮೇಲೆ ಡಾಕ್ಟರಮ್ಮ ಹುಡುಗಿಯ ಕಡೆ ತಿರುಗಿದರು. "ನಾಳೆಯಿಂದ ಕೆಲಸ ಮುಂದುವರಿಸಮ್ಮ."

ಹುಡುಗಿ ಆಗಲೇ ಚೀಲ ಹೆಗಲಿಗೇರಿಸಿದ್ದಳು. "ಬರಲ್ಲ ಮೇಡಂ. ನಿಮ್ಮ ತಮ್ಮ ಹೇಳಿದ್ದನ್ನ ಬಾಯಿಮಾತಿಗೇ ನಂಬಿದ್ರಿ. ನನ್ನನ್ನ ನಂಬೋಕೆ ಜೆಲ್ ಬೇಕಾಯ್ತು."

ಹುಡುಗಿಯ ಹಿಂದೆಯೇ ಸಹಾಯಕ ಮೆಟ್ಟಿಲಿಳಿದು ಬಾಗಿಲವರೆಗೂ ಹೋದ. 'ಇರಮ್ಮ' ಎನ್ನಲು ಅವನಿಗೂ ಮುಖವಿರಲಿಲ್ಲ.