ಆರನೆಯ ನೀಲಿ ಚಿಟ್ಟೆ

"ಬಾಗಿಲು ಹಾಕಿ! ಮೊದಲು ಬಾಗಿಲು ಹಾಕಿ ಅಂದೆ!"

ಅವಳ ಕೂಗಿಗೆ ಗಾಜಿನ ಮನೆಯ ಬಾಗಿಲಲ್ಲಿ ನಿಂತಿದ್ದ ಬಾಯ್ಲರ್ ಮೆಕ್ಯಾನಿಕ್ ಬೆಚ್ಚಿಬಿದ್ದ. ಅಷ್ಟರಲ್ಲೇ ಅಂಗೈಯಗಲದ ನೀಲಿ ಚಿಟ್ಟೆಯೊಂದು ಅವನ ಭುಜ ದಾಟಿ ಹಾರಿ, ಹೊರಗಿನ ಕೊರೆಯುವ ಚಳಿಗೆ ಸಿಕ್ಕಿ ಮೆಟ್ಟಿಲ ಮೇಲೆ ಬಿತ್ತು. ಮತ್ತೆ ಏಳಲಿಲ್ಲ.

"ಮಳೆಕಾಡಿನ ಜೀವ ಅದು... ಬಿಸಿ ಇಲ್ಲದೆ ಬದುಕಲ್ಲ. ಕೊಂದುಬಿಟ್ರಲ್ಲ!"

ಅವನು ಟೋಪಿ ತೆಗೆದು ತಲೆ ತಗ್ಗಿಸಿದ. "ತಪ್ಪಾಯ್ತು ಮೇಡಂ."

ಬಾಯ್ಲರ್‌ನ ಶಾಖದಲ್ಲಿ ಬೆಚ್ಚಗಿರುವ ಆ ಗಾಜಿನ ಮನೆಯಲ್ಲಿ, ನೋಡಲು ಬರುವ ಜನರಿಗಾಗಿ ಚಿಟ್ಟೆ ಸಾಕುವುದೇ ಅವಳ ಕೆಲಸ. ದೂರದ ಕಾಡುಗಳಿಂದ ಪಾರ್ಸೆಲ್‌ನಲ್ಲಿ ಬರುವ ಚಿಟ್ಟೆಯ ಕೋಶಗಳನ್ನು ಸಾಲಾಗಿ ತೂಗುಹಾಕುವುದು, ಕಳಿತ ಬಾಳೆಹಣ್ಣು ಹೆಚ್ಚಿಡುವುದು... ಹದಿನೈದು ವರ್ಷ ಹೀಗೇ ಕಳೆದಿತ್ತು.

"ಎರಡು ವಾರ ಬದುಕೋ ಹುಳದ ಹಿಂದೆ ನಿನ್ನ ಆಯಸ್ಸೆಲ್ಲಾ ಸವೆಸ್ತಿದ್ದೀಯಲ್ಲೇ!" ಎಂದು ಟಿಕೆಟ್ ಕೊಡುವ ಅಕ್ಕ ಗೊಣಗುತ್ತಿದ್ದಳು.

ಮೆಕ್ಯಾನಿಕ್ ದಿನವೂ ಬಂದ. ಹಳೇ ಬಾಯ್ಲರ್ ಜೊತೆ ಗುದ್ದಾಡಿ, ಮಸಿ ಮೆತ್ತಿದ ಮುಖದಲ್ಲೇ ಅವಳ ಪಕ್ಕ ಕೂತು ಚಹಾ ಕುಡಿದ. ಒಮ್ಮೆ ಚಿಟ್ಟೆ ಮೂಗಿನ ಮೇಲೆ ಕೂತಾಗ ಉಸಿರು ಬಿಗಿಹಿಡಿದು ಕಲ್ಲಾದ. ಅವಳು ಬಿದ್ದು ಬಿದ್ದು ನಕ್ಕಳು. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ!

ಮೂರು ತಿಂಗಳಿಗೆ ನೋಟಿಸ್ ಬಂತು. ಬಾಯ್ಲರ್ ರಿಪೇರಿಯಾಗದು, ಗಾಜಿನ ಮನೆ ಮುಚ್ಚಬೇಕು. ಜೊತೆಗಿದ್ದ ಬಾಯ್ಲರ್ ವರದಿಯ ಕೆಳಗೆ ಅವನದೇ ಸಹಿ!

'ನನ್ನ ಜೊತೆ ಚಹಾ ಕುಡೀತಾನೇ ಇದನ್ನ ಬರೆದನಾ?'

ಅವಳು ಅವನ ಜೊತೆ ಮಾತು ಬಿಟ್ಟಳು.

ಮುಚ್ಚುವ ದಿನ ಬಾಯ್ಲರ್ ಆರಿಸಿದರು. ಮಧ್ಯಾಹ್ನಕ್ಕೆ ಉಳಿದದ್ದು ಆರೇ ಚಿಟ್ಟೆ. ರೆಕ್ಕೆಯ ನೀಲಿಯನ್ನು ಒಳಗೆ ಮಡಚಿಕೊಂಡು ಒಣ ಎಲೆಗಳಂತೆ ಕೂತಿದ್ದವು. ಆಗ ಅವನು ಬಂದ.

"ಯಾಕೆ ಬಂದ್ರಿ? ಇವು ಸಾಯೋದನ್ನ ನೋಡೋಕಾ?"

"ಈ ಬಾಯ್ಲರ್ ನಾನು ಬಂದ ದಿನಾನೇ ಕೈಕೊಟ್ಟಿತ್ತು. ರಿಪೇರಿಯಾಗುತ್ತೆ ಅಂತ ನಿಮಗೋಸ್ಕರ ಸುಳ್ಳು ಬರೆದು, ಹೇಗೋ ಓಡಿಸಿ ಮೂರು ತಿಂಗಳು ಎಳೆದೆ. ಆಮೇಲೆ ವಿಷದ ಹೊಗೆ ಸೋರೋಕೆ ಶುರುವಾಯ್ತು... ದಿನವಿಡೀ ಒಳಗಿರೋರು ನೀವು!"

"ನನಗೆ ಹೇಳಬಹುದಿತ್ತಲ್ಲ..."

"ಹೇಳಿದ್ರೆ ಇವನ್ನ ಬಿಟ್ಟು ಹೊರಗೆ ಬರ್ತಿದ್ರಾ?"

ಅವಳು ಆ ಆರು ಚಿಟ್ಟೆಗಳ ಕಡೆ ತಿರುಗಿದಳು.

"ಸುಳ್ಳು ಬರೆದಿದ್ದು ಗೊತ್ತಾಗಿ ನನ್ನನ್ನೂ ಕೆಲಸದಿಂದ ತೆಗೆದ್ರು," ಎಂದ ಮೆಲ್ಲಗೆ.

ಸಂಜೆಯೊಳಗೆ ಐದು ಉದುರಿದವು. ಆರನೆಯದನ್ನು ಅವಳು ಬೊಗಸೆಯಲ್ಲಿಟ್ಟು ಉಸಿರಿನ ಬಿಸಿ ಕೊಟ್ಟಳು. ಅವನು ತನ್ನ ಕೈಗಳಿಂದ ಆ ಬೊಗಸೆಯನ್ನು ಸುತ್ತುವರಿದ. ಇಬ್ಬರ ಬಿಸಿಯೂ ಸಾಲಲಿಲ್ಲ.

ರೆಕ್ಕೆಯ ನಡುಕ ನಿಂತ ಮೇಲೂ ಇಬ್ಬರೂ ಕೈ ತೆಗೆಯಲಿಲ್ಲ.

"ನಿಮ್ಮನ್ನ ಪ್ರೀತಿಸ್ತೀನಿ... ಆದ್ರೆ ಕೊಡೋಕೆ ನನ್ನ ಹತ್ರ ಏನೂ ಉಳಿದಿಲ್ಲ."

"ನನ್ನ ಹತ್ರ ಮಾತ್ರ ಏನಿದೆ?" ಅವಳ ಕಣ್ಣೀರು ಅವನ ಬೆರಳ ಮೇಲೆ ಬಿತ್ತು.

"ಅಳಬೇಡಿ..."

"ಅಳ್ತೀನಿ. ನೀನು ಎಲ್ಲೂ ಹೋಗಬೇಡ ಕಣೋ."

"ಎಲ್ಲಿಗೆ ಹೋಗ್ಲಿ ಹೇಳು?"