ಅವಳ ರೀಪರ್, ಅವನ ಕ್ಯೂಬೇಸ್

"ಈ ಹಾಡು ಯಾವ ಸಾಫ್ಟ್‌ವೇರ್‌ನಾಗ ಮಿಕ್ಸ್ ಮಾಡೀರಿ?"

ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಟ್ಟಿರದ ಆಗಂತುಕನ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಹೆಸರಿಲ್ಲ!

"ರೀಪರ್‌ನಾಗ. ಯಾಕ್ರಿ?" ನಂದಾ ಸ್ಪೀಕರಿನಲ್ಲಿ ಓಡುತ್ತಿದ್ದ ಹಾಡು ನಿಲ್ಲಿಸಿದಳು.

"ಅದಕ್ಕ ಕಿವಿ ಚುಚ್ಚಾಕತ್ತೈತಿ. ಕ್ಯೂಬೇಸ್ ಹಾಕ್ರಿ, ಅದರ ಸೌಂಡ್ ಮೆತ್ತಗ."

ಅವಳಿಗೆ ಮೈ ಉರಿಯಿತು. ರಬಕವಿಯ ಈ ಪುಟ್ಟ ಸ್ಟುಡಿಯೋದಲ್ಲಿ ಭಜನೆಯಿರಲಿ, ಜನಪದವಿರಲಿ, ದನಿ-ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಎಲ್ಲ ಎರಡು ವರ್ಷದಿಂದ ಅವಳದೇ ಕೈ.

"ನೋಡ್ರಿ, ನಾ ಬನಹಟ್ಟಿ ನೇಕಾರರ ಮಗಳು. ಹತ್ತು ಮಗ್ಗ ಒಮ್ಮೆಲೇ ಹೊಡಿಯೋ ಮುಂದ ಯಾವುದು ಹಾದಿ ತಪ್ಪೈತಿ ಅಂತ ಅಡಗಿಮನ್ಯಾಗ ಕುಂತ ಹೇಳಾಕಿ. ನನ್ನ ಕಿವಿನ ನನ್ನ ಆಸ್ತಿ. ಅದಕ್ಕ ಹೆಸರಿಡಬ್ಯಾಡ್ರಿ!"

"ಕಿವಿಗೆ ಏನೂ ಅನ್ನಲಿಲ್ರಿ. ಸಾಫ್ಟ್‌ವೇರ್‌ಗೆ ಅಂದೆ."

ತಗ್ಗಿದ, ಆಳವಾದ ದನಿ. ಆ ದನಿಗೆ ಬೈಯಲು ಬಾಯಿ ಬರಲಿಲ್ಲವಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅವನೇ ಸಿದ್ಧಾರ್ಥ. ಮಾಲೀಕ ಶಿದ್ರಾಮಪ್ಪ ಜಮಖಂಡಿಯಿಂದ ಹೊಸದಾಗಿ ಕರೆಸಿಕೊಂಡಿದ್ದ ರೆಕಾರ್ಡಿಂಗ್ ಎಂಜಿನಿಯರ್.

ಅಂದು ಹತ್ತಿದ ಜಗಳ ವರ್ಷವಾದರೂ ಆರಲಿಲ್ಲ. ಬೆಳಗಿನ ಚಹಾದ ಜೊತೆ ರೀಪರ್, ಮಧ್ಯಾಹ್ನದ ರೊಟ್ಟಿಯ ಜೊತೆ ಕ್ಯೂಬೇಸ್!

"ರೀಪರ್ ಹಗುರ ಐತ್ರಿ. ನನ್ನ ಹಳೇ ಲ್ಯಾಪ್‌ಟಾಪಿನಾಗೂ ಓಡತೈತಿ."

"ಇರಲಿ. ಹಾಡವರನ್ನ ಕೂಡಿಸಿ ರೆಕಾರ್ಡ್ ಮಾಡಾಕ ನನಗ ಕ್ಯೂಬೇಸ್‌ನ ಛಲೋ."

ಹೀಗೆ ಜಗಳವಾಡುತ್ತಲೇ ಅವನು ಮನೆಯಿಂದ ತಂದ ಶೇಂಗಾ ಹಿಂಡಿಯನ್ನು, ಆ ಖಾರದ ಚಟ್ನಿಪುಡಿಯನ್ನು, ಕೇಳದೆಯೇ ಅವಳ ಡಬ್ಬಿಗೆ ಹಾಕುತ್ತಿದ್ದ. ಅವನು ಬರುವ ಜಮಖಂಡಿ ಬಸ್ಸು ತಡವಾದ ದಿನ ಅವಳ ಕಣ್ಣು ಬಾಗಿಲಿಗೇ ಅಂಟಿಕೊಂಡಿರುತ್ತಿತ್ತು.

*ಛೇ... ಜಗಳಕ್ಕೆ ಜೊತೆ ಬೇಕಲ್ಲ, ಅಷ್ಟೇ!* ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ನಂಬುವವರು ನಂಬಲಿ.

ಒಂದು ದಿನ ಚಿಮ್ಮಡ ಊರಿನ ಹಾಡುಗಾರ್ತಿ ಮುತ್ತವ್ವ ಸುಗ್ಗಿಯ ಕಣದ ಹಂತಿ ಪದ ಹಾಡುತ್ತಿದ್ದಾಗ ಸಿದ್ಧಾರ್ಥ ಕೈಯೆತ್ತಿ ನಿಲ್ಲಿಸಿದ.

"ಹುಳ ಹೊಕ್ಕೈತಿ ನೋಡ್ರಿ. ಚಿರ್ ಅಂತ ಒದರಾಕತ್ತೈತಿ."

"ಎಲ್ಲಿ ಹುಳ? ನನಗೇನೂ ಕೇಳಿಸವಲ್ದು. ನಿಮ್ಮ ತಲ್ಯಾಗ ಹೊಕ್ಕಿರಬೇಕು!"

ಅವಳು ನಕ್ಕಳು. ಅವನು ನಗಲಿಲ್ಲ. ಅವಳನ್ನೇ ದಿಟ್ಟಿಸಿ, ಎದ್ದು ಹುಳವನ್ನು ಹುಡುಕಿ ಹೊರಗೆ ಹಾಕಿ ಬಂದ.

ಅಂದಿನಿಂದ ಅವನದೊಂದು ಹೊಸ ಹಟ. ಅವಳು ಮುಗಿಸಿದ ಪ್ರತಿ ಹಾಡೂ ಕೊನೆಗೊಮ್ಮೆ ಅವನ ಕ್ಯೂಬೇಸಿನಲ್ಲಿ ಹಾಯ್ದೇ ಹೊರಗೆ ಹೋಗಬೇಕು. ಅವಳು ಅದನ್ನು ಹೇಗೋ ನುಂಗಿಕೊಂಡಳು. ಆದರೆ ಮುತ್ತವ್ವನ ಎಂಟು ಹಾಡು ಸಿದ್ಧವಾಗಿ, "ಮಿಕ್ಸಿಂಗ್ ಅಂತ ನಿನ್ನೊಬ್ಬಾಕಿ ಹೆಸರ ಹಾಕೂಣವಾ" ಎಂದು ಶಿದ್ರಾಮಪ್ಪ ಹೇಳಿದ ದಿನವೂ ಅವನದು ಅದೇ ರಾಗ!

"ಒಂದ ಸಲ ನನ್ನ ಕಡೆ ಹಾಯಿಸಿ ಕೊಡತೀನಿ..."

ನಂದಾಳ ಸಹನೆ ಅಲ್ಲಿಗೆ ಮುಗಿಯಿತು. ಒಂದೇ ಹಾಡು, ದನಿ-ವಾದ್ಯಗಳ ಒಂದೇ ಅಳತೆ, ಬೇರಾವ ತಿದ್ದುಪಡಿಯೂ ಇಲ್ಲ. ರೀಪರಿನಿಂದೊಂದು ಪ್ರತಿ, ಕ್ಯೂಬೇಸಿನಿಂದೊಂದು ಪ್ರತಿ ತೆಗೆದಳು. ಒಂದರ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿ ಎರಡನ್ನೂ ಒಟ್ಟಿಗೆ ಬಿಟ್ಟಳು. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿಬಿಡುತ್ತವೆ, ಕೂದಲೆಳೆಯಷ್ಟು ಬೇರೆಯಾಗಿದ್ದರೂ ಆ ವ್ಯತ್ಯಾಸ ಕೇಳಿಸುತ್ತದೆ.

ಏನೂ ಕೇಳಿಸಲಿಲ್ಲ. ಮೀಟರಿನ ಹಸಿರು ಗೆರೆಯೂ ಅಲುಗಲಿಲ್ಲ.

"ನೋಡ್ರಿ! ಎರಡೂ ಒಂದ! ಇದು ನಿಮಗ ಮೊದಲ ಗೊತ್ತಿತ್ತು, ಹೌದಲ್ಲೋ?"

"...ಗೊತ್ತಿತ್ತು."

"ಗೊತ್ತಿದ್ದೂ ವರ್ಷಪೂರ್ತಿ ಸುಳ್ಳು? ನನ್ನ ಕುರ್ಚಿ ಬೇಕಾಗಿತ್ತೇನು ನಿಮಗ?"

ಅವನ ಮುಖ ಬಾಡಿತು. ಚೀಲ ಹೆಗಲಿಗೇರಿಸಿಕೊಂಡು ಹೋದವನು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಗೆದ್ದವಳಿಗೆ ಗೆದ್ದ ಖುಷಿ ಇರಲಿಲ್ಲ. *ಕುರ್ಚಿ ಬೇಕಾದವನು ಯಾಕೆ ಎದ್ದು ಹೋದ?* ತಡೆಯಲಾಗದೆ ಅವನ ಕಂಪ್ಯೂಟರಿನಲ್ಲಿದ್ದ ತನ್ನ ಹಳೆಯ ಹಾಡುಗಳನ್ನು ತೆರೆದಳು. ಪ್ರತಿಯೊಂದರಲ್ಲೂ ಅವಳ ಕೆಲಸ ಇದ್ದ ಹಾಗೇ ಇತ್ತು. ಕೊನೆಯಲ್ಲಿ ಮಾತ್ರ ಅವನು ಒಂದು ತಿದ್ದುಪಡಿ ಸೇರಿಸಿದ್ದ. ಆರು ಸಾವಿರ ಹರ್ಟ್ಸ್‌ನ ಮೇಲಿನ ಚೂಪು ಸದ್ದಿಗಷ್ಟೇ ಕತ್ತರಿ.

ಆ ತಿದ್ದುಪಡಿ ತೆಗೆದು ಕೇಳಿದಳು. ಹಾಕಿ ಕೇಳಿದಳು. ವ್ಯತ್ಯಾಸವೇ ಇಲ್ಲ!

"ಕಾಕಾ, ಒಂದೀಟ ಬರ್ರಿ ಇಲ್ಲೆ."

ಶಿದ್ರಾಮಪ್ಪ ಬಂದು ಕೂತ. "ಇದು ಛಲೋ ಐತಿ." ಅವಳು ಗುಂಡಿ ಒತ್ತಿ ತಿದ್ದುಪಡಿ ತೆಗೆದಳು. "ಅಯ್ಯ, ತೆಗಿಯವಾ! ಕಿವ್ಯಾಗ ಸೂಜಿ ಚುಚ್ಚಿದಂಗ ಆತು!"

ಅವಳು ಹಾಡು ನಿಲ್ಲಿಸಿದಳು.

ಮುತ್ತವ್ವನ ಹಾಡಿನೊಳಗೆ ಹೊಕ್ಕ ಹುಳ... ತೊಟ್ಟಿಲಿನಿಂದಲೇ ಕೇಳುತ್ತ ಬಂದ ಮಗ್ಗದ ಅಬ್ಬರ ಅವಳ ಕಿವಿಯಿಂದ ಚೂಪು ಸದ್ದನ್ನೇ ತಿಂದುಹಾಕಿತ್ತು... ತನಗೆ ಕೇಳದ ಸದ್ದು ಕಡಿಮೆಯಿದೆಯೆಂದು ತಾನೇ ಪ್ರತಿ ಹಾಡಿನಲ್ಲೂ ಅದನ್ನು ಏರಿಸುತ್ತ ಬಂದಿದ್ದಳು. ಆಸ್ತಿ ಎಂದುಕೊಂಡಿದ್ದ ಕಿವಿಯೇ ಕೈಕೊಟ್ಟಿತ್ತು! ಹೆಡ್‌ಫೋನನ್ನು ಎದೆಗೊತ್ತಿಕೊಂಡು ನಂದಾ ಅತ್ತಳು.

ಮರುದಿನ ಬೆಳಿಗ್ಗೆ ಅವಳೇ ಜಮಖಂಡಿಯ ಬಸ್ಸು ಹತ್ತಿದಳು. ಫೋನು ಮಾಡಿದ್ದಕ್ಕೆ ಅವನು ಬಸ್ ನಿಲ್ದಾಣಕ್ಕೇ ಬಂದು ಕಾಯುತ್ತಿದ್ದ. ಮೂರೇ ದಿನಕ್ಕೆ ಮುಖ ಸೊರಗಿತ್ತು.

"ಯಾಕ ಹೇಳಲಿಲ್ರಿ?"

"ಮೊದಲ ದಿನ ಸೊಕ್ಕಿನಿಂದ ಸಾಫ್ಟ್‌ವೇರ್‌ಗೆ ಅಂದೆ. ಹುಳ ಒದರಿದ ದಿನ ತಿಳೀತು... ಕಿವಿನ ನನ್ನ ಆಸ್ತಿ ಅಂದಾಕಿಗೆ ಹೆಂಗ ಹೇಳ್ಲಿ? ತಪ್ಪು ರೀಪರ್ ಮ್ಯಾಲ ಹಾಕಿಬಿಟ್ಟೆ. ಅದೇನ ಅಳತೈತಿ?"

ನಗು ಬಂದರೂ ಅವಳು ತಡೆದುಕೊಂಡಳು.

"ಅಳಾಕ ನನಗ ಬಿಡಬೇಕಿತ್ತು. ನನ್ನ ಕಿವಿ ಸುದ್ದಿ ನಿಮಗ ಗೊತ್ತು, ನನಗ ಗೊತ್ತಿಲ್ಲ! ಅದು ಪ್ರೀತಿ ಅಲ್ರಿ, ಕನಿಕರ."

"ಕನಿಕರ ಆಗಿದ್ರ ಒಂದ ಹಾಡಿಗೆ ಸಾಕಾಗತಿತ್ತು, ನಂದಾ." ಅವನು ಅವಳತ್ತ ತಿರುಗಿದ. "ಮುತ್ತವ್ವ ಎಲ್ಲಿ ಉಸಿರು ಹಿಡದ್ಲು, ಯಾವ ಸಾಲಿನ್ಯಾಗ ಗಂಟಲ ಬಿಗೀತು... ಅದೆಲ್ಲಾ ನಿನಗ ಕೇಳತೈತಿ, ನನಗ ಕೇಳಂಗಿಲ್ಲ. ನೀ ಕುರ್ಚಿ ಬಿಟ್ಟ ಹೋಗತಿ ಅಂತ ಹೆದರಿದ್ದೆ. ತಪ್ಪಾತು. ಖರೆ ತಪ್ಪಾತು."

ಮೊದಲ ಸಲ ಅವನು "ನೀ" ಎಂದಿದ್ದ.

"ಕುರ್ಚಿ ಬಿಡಂಗಿಲ್ಲ. ನಾಳೆ ಕಿವಿ ಡಾಕ್ಟರ್ ಕಡೆ ಹೋಗೂಣು, ಇಬ್ಬರೂ. ಆಮ್ಯಾಲ ಮುತ್ತವ್ವನ ಹಾಡು ನನ್ನ ರೀಪರ್‌ನಾಗನ ಮುಗಸೂಣು. ಎಲ್ಲಿ ಚುಚ್ಚತೈತಿ ಅಂತ ಬಾಜೂಕ ಕುಂತ ನೀವ ಹೇಳಬೇಕು. ಹೆಸರ ಇಬ್ಬರದೂ ಇರಲಿ."

"ಹೇಳತೀನಿ. ಜೋರಾಗಿ ಹೇಳಬೇಕೇನು?"

ಮುಧೋಳದ ಬಸ್ಸೊಂದು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋಯಿತು. ಅವಳು ಅವನ ಬೆರಳು ಹಿಡಿದಳು.

"ಬ್ಯಾಡ. ಮೆತ್ತಗ ಹೇಳ್ರಿ. ನಿಮ್ಮ ದನಿ ತಗ್ಗಿನದು... ಅದು ನನಗ ಪೂರಾ ಕೇಳತೈತಿ."