ಎರವಲು ತಂದ ಕೋಲು

ಶೇವಂತಾ ಎಲೀಷನ ಮುಖವನ್ನು ಸರಿಯಾಗಿ ನೋಡಿದ್ದು ಅವನ ಹುಬ್ಬು ಒಡೆದ ಮೇಲೆಯೇ. ಒಡೆದವಳು ಅವಳೇ.

ತಪ್ಪು ಅವನದು ಎಂದು ಅವಳು ಇಂದಿಗೂ ವಾದಿಸುತ್ತಾಳೆ. ಅದು ಎರಡು ಸಾವಿರದ ಹದಿನೆಂಟು, ಮಳೆ ಕೈಕೊಟ್ಟ ವರ್ಷ. ಔರಾದ ತಾಲೂಕಿನ ತೊಗರಿ ಮೊಣಕಾಲೆತ್ತರದಲ್ಲೇ ಒಣಗಿ ನಿಂತಿತ್ತು. ಬೀದರಿನ ದೊಡ್ಡ ಆಸ್ಪತ್ರೆಯಲ್ಲಿ ಅಂಗವಿಕಲರ ಸರ್ಟಿಫಿಕೇಟಿಗೆ ಡಾಕ್ಟರುಗಳ ಬೋರ್ಡು ಕೂರುವುದು ಬುಧವಾರ. ತನ್ನೂರು ಎಕಂಬಾದಿಂದ ಮೊದಲ ಬಸ್ಸಿಗೆ ಬಂದವಳು ಮೂರು ತಾಸು ಸಾಲಿನಲ್ಲಿ ನಿಂತು ಕೊನೆಗೆ ಮೇಜಿನ ಮುಂದೆ ಬಂದಳು. ಕೈಯಲ್ಲಿ ಸೋದರತ್ತೆ ಕೌಸಲ್ಯಾಬಾಯಿಯ ಕೋಲಿತ್ತು.

ಆ ಕೋಲಿನ ಮಹಿಮೆ ಹೇಳಲೇಬೇಕು. ಕೌಸಲ್ಯಾಬಾಯಿಯದು ಪೋಲಿಯೋ ಕಾಲು. ಅದೇ ಕೋಲನ್ನು ಊರಿಕೊಂಡು ಹೋಗಿ ಅವಳು ಊರಿಗೇ ಮೊದಲ ಅಂಗವಿಕಲರ ಕಾರ್ಡು ತಂದಿದ್ದಳು. ಅಂದಿನಿಂದ ಎಕಂಬಾದಲ್ಲಿ ಯಾರು ಬೋರ್ಡಿನ ಮುಂದೆ ಹೋದರೂ, ಕಿವಿ ಕೇಳದವರು ಕೂಡ, ಅವಳ ಕೋಲನ್ನು ಎರವಲು ಒಯ್ಯುವುದು ರೂಢಿಯಾಗಿಬಿಟ್ಟಿತ್ತು. ಕೋಲು ಹೋದರೆ ಕಾರ್ಡು ಬರುತ್ತದೆ ಅಂತ ನಂಬಿಕೆ. ಹಿಡಿಯ ಕೆಳಗೊಂದು ಹಿತ್ತಾಳೆ ಬಳೆ, ಅದಕ್ಕೊಂದು ನೀಲಿ ದಾರ. ನೂರು ಕೋಲಿನಲ್ಲೂ ಗುರುತು ಹಿಡಿಯಬಹುದು.

ಮೇಜಿನ ಹಿಂದಿದ್ದವನು ಹಿಡಿದೂಬಿಟ್ಟ. ತಲೆ ಎತ್ತದೆ, ರಿಜಿಸ್ಟರಿನಲ್ಲಿ ಬರೆಯುತ್ತಲೇ ಅಂದ, "ಈ ಕೋಲು ನನಗ ಗುರ್ತದ್ರಿ. ಈ ವರ್ಷ ಬಂದದ್ದು ಇದು ನಾಕನೇ ಸಲ. ಹೋದ ತಿಂಗಳು ಎಡಗಾಲಿಗಿ ಬಂದಿತ್ತು. ಇವತ್ತು ಯಾವ ಕಾಲ್ರಿ?"

ಸಾಲಿನವರು ನಕ್ಕರು. ಶೇವಂತಾ ಕೋಲನ್ನು ಬಿಗಿಯಾಗಿ ಊರಿ ಅಂದಳು, "ಬಲಗಾಲ್ರಿ."

"ಮತ್ತ ಎಡಗಾಲು ಎಳಕೋತ ಬಂದ್ರಲ್ಲ?" ಈಗ ತಲೆ ಎತ್ತಿದ. "ಖರೇ ಬ್ಯಾನಿ ಇದ್ದವ್ರು ಹೊರಗ ಬಿಸಲಾಗ ನಿಂತಾರ. ಇಲ್ಲಿ ನಾಟಕ ಬ್ಯಾಡ್ರಿ."

ನಾಟಕ. ಕಬ್ಬಿನ ಹೊಲದಲ್ಲಿ ಅವಳು ಕುಸಿದು ಬಿದ್ದಾಗ ಅಣ್ಣ ಪಂಢರಿ ಅನ್ನುತ್ತಿದ್ದದ್ದು ಅದನ್ನೇ. ಹಾಗಂದು ಒದೆಯುತ್ತಿದ್ದ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಕೋಲು ತಾನಾಗಿ ಎದ್ದಿತು. ಹಿತ್ತಾಳೆ ಬಳೆ ಸರಿಯಾಗಿ ಎಡಹುಬ್ಬಿಗೆ ಬಿತ್ತು.

ರಿಜಿಸ್ಟರಿನ ಮೇಲೆ ರಕ್ತ ತೊಟ್ಟಿಕ್ಕಿತು. ಕಾವಲಿನವರು ಇಬ್ಬರು ಬಂದು ಅವಳ ರಟ್ಟೆ ತಿರುವಿದರು. ಅಷ್ಟರಲ್ಲಿ ಅವಳೊಳಗಿನ ಇನ್ನೊಂದು ಏಟು ಎದ್ದಿತು. ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ಟ್ಯಾಂಕರು ಬಾರದ ಊರಿನಲ್ಲಿ ಕೊಡದ ತಳದ ನೀರನ್ನು ಅತ್ತೆಗೆ ಬಿಟ್ಟು ಬಂದಿದ್ದಳು. ತೊಡೆಯ ಎಲುಬು, ಬೆನ್ನು, ಬೆರಳಿನ ಗಂಟು, ಎಲ್ಲ ಒಟ್ಟಿಗೇ ಸಿಡಿಯತೊಡಗಿದವು. ನೆಲಕ್ಕುರುಳಿದಳು. ಕೂಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿ ಕಚ್ಚಿಕೊಂಡಳು.

ಕಣ್ಣು ತೆರೆದಾಗ ಒಂದು ಮುಖ ತೀರ ಹತ್ತಿರದಲ್ಲಿತ್ತು. ರೆಪ್ಪೆಗಳಿಗೆ ರಕ್ತ ಅಂಟಿತ್ತು. ಆ ರೆಪ್ಪೆಗಳ ಕೆಳಗಿನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ಅವನು ಅವಳ ಹಳದಿಗಟ್ಟಿದ ಕಣ್ಣುಗಳನ್ನೂ ಬಾತುಕೊಂಡ ಬೆರಳುಗಳನ್ನೂ ನೋಡುತ್ತಿದ್ದ.

"ಬಿಡ್ರೋ ಆಕೀನ್ನ," ಎಂದು ಕಾವಲಿನವರಿಗೆ ಕೂಗಿದ. ಮೆಲ್ಲಗೆ ಅವಳನ್ನು ಕೇಳಿದ, "ಸಿಕಲ್ ಸೆಲ್ ಏನ್ರಿ?"

ಇಪ್ಪತ್ನಾಲ್ಕು ವರ್ಷದಲ್ಲಿ ತನ್ನ ರಕ್ತದ ಕಾಯಿಲೆಯ ಆ ಹೆಸರನ್ನು ಅವಳ ಮುಂದೆ ತಾನಾಗಿ ಅಂದವನು ಅವನೊಬ್ಬನೇ. ಅವಳಿಗೆ ಅಳು ಬಂದದ್ದು ನೋವಿಗಲ್ಲ.

*

ವಾರ್ಡಿನಲ್ಲಿ ಅವಳಿಗೆ ಸಲೈನು, ಪಕ್ಕದ ಸ್ಟೂಲಿನಲ್ಲಿ ಅವನಿಗೆ ಪಟ್ಟಿ. ಹೆಸರು ಎಲೀಷ, ನೌಬಾದದವನು. ತಾಯಿ ರೋಸಮ್ಮ ನರ್ಸಾಗಿ ದುಡಿದು ನಿವೃತ್ತಳು. ಇವನೂ ಲ್ಯಾಬಿನಲ್ಲಿ ನಾಲ್ಕು ವರ್ಷ ರಕ್ತ ನೋಡಿ, ಈಗ ಬುಧವಾರದ ಮೇಜಿಗೆ ಬಂದಿದ್ದ.

"ಭಾಳ ನೋಯ್ಲತ್ತದೇನ್ರಿ?" ಶೇವಂತಾ ಕೇಳಿದಳು.

"ಮೂರು ಹೊಲಿಗಿ. ನಿಮ್ಮದು?"

"ಎಲುಬಿನೊಳಗ ಯಾರೋ ಸುತ್ತಿಗಿ ಹಿಡ್ಕೊಂಡು ಕುಂತಂಗ ಅದ."

"ಹಂಗಾದ್ರ ಗೆದ್ದವ್ರು ನೀವೇ ಬಿಡ್ರಿ." ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕ. ನಕ್ಕಾಗ ಬಲಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ ಎಂಬುದನ್ನು ಅವಳು ನೋಡಬಾರದೆಂದುಕೊಂಡೇ ನೋಡಿದಳು. "ಇಂಥಾ ಬ್ಯಾನಿ ಇಟ್ಕೊಂಡು ಕುಂಟೋದು ಯಾಕ ಬೇಕಿತ್ರಿ?"

"ರಕ್ತದಾಗಿನ ಬ್ಯಾನಿ ಯಾರಿಗಿ ಕಾಣ್ತದ್ರಿ? ಭಾಲ್ಕಿ ಬಸ್ ಸ್ಟ್ಯಾಂಡಿನ ಏಜೆಂಟ್ ಬಕ್ಕಪ್ಪ ಹೇಳ್ದ, ಕೈಕಾಲು ಸೊಟ್ಟ ಇದ್ರ ಅಷ್ಟೇ ಕಾರ್ಡು ಅಂತ. ಹೈದರಾಬಾದಿನ್ಯಾಗ ಮಾಡ್ಸಿದ ರಕ್ತದ ರಿಪೋರ್ಟ್ ಅಂವನೇ ಇಟ್ಕೊಂಡಾನ."

"ಅಂಗವಿಕಲರ ಹೊಸ ಕಾಯ್ದೆದಾಗ ಈ ಬ್ಯಾನಿ ಹೆಸರು ಹಿಡಿದು ಬರ್ದಾರ್ರಿ. ನೀವು ಸೀದಾ ನಡ್ಕೋತ ಬಂದಿದ್ರೂ ಸಾಕಿತ್ತು."

ಅವಳು ಮೊದಲು ನಕ್ಕಳು. ಆಮೇಲೆ ಬಕ್ಕಪ್ಪನ ಏಳು ತಲೆಮಾರಿಗೆ ಬೈದಳು. ಬೈದು ಸುಸ್ತಾದ ಮೇಲೆ ಎಲ್ಲವನ್ನೂ ಹೇಳಿದಳು. ಕಬ್ಬು ಕಡಿಯುವ ಗುಂಪಿಗೆ ಒಂಟಿ ಆಳು ಬೇಡ, ಜೋಡಿ ಬೇಕು. ಒಬ್ಬರು ಕಡಿದರೆ ಇನ್ನೊಬ್ಬರು ಸೂಡು ಕಟ್ಟಬೇಕು. ಅತ್ತಿಗೆ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ. ಹೀಗಾಗಿ ಮುಂದಿನ ಶುಕ್ರವಾರ ಲಾರಿ ಹೊರಟಾಗ ಪಂಢರಿಯ ಜೋಡಿಗೆ ತಂಗಿಯೇ ಏರಬೇಕು. ಹೋದ ವರ್ಷ ಸೊಲ್ಲಾಪುರದ ಕಡೆ ಮೂರು ಸಲ ಬಿದ್ದಿದ್ದಳು. ಈ ಸಲ ಹೋದರೆ ತಿರುಗಿ ಬರುವುದು ಹೆಣವೇ ಎಂದು ಹೈದರಾಬಾದಿನ ಆಸ್ಪತ್ರೆಯವರು ಹೇಳಿದ್ದರು. ಅಣ್ಣ ನಂಬಲಿಲ್ಲ. ಸರಕಾರದ ಮೊಹರು ಬಿದ್ದರೆ ನಂಬುತ್ತಾನೇನೋ, ಕಾರ್ಡು ಬೇಕಾದದ್ದು ಅದಕ್ಕೆ.

"ಅವ್ವ ಅಪ್ಪ ಇಬ್ಬರ ರಕ್ತದಾಗೂ ಅರ್ಧರ್ಧ ಇತ್ತಂತ. ಸೋದರಿಕಿ ಮದಿವಿ. ಅವರಿಗಿ ಏನೂ ಆಗ್ಲಿಲ್ಲ, ನನಗ ಪೂರಾ ಬಂತು. ಅದಕ್ಕೇ ನಾ ಮದಿವಿ ಆಗಂಗಿಲ್ಲ. ಇದು ನನ್ನ ಕೂಸಿಗಿ ಕೊಡಂಗಿಲ್ಲ."

"ಎರಡೂ ಕಡಿಂದ ಬಂದ್ರಷ್ಟೇ ಕೂಸಿಗಿ ಬ್ಯಾನಿ ಬರ್ತದ. ಒಂದು ಕಡಿ ರಕ್ತ ಚೊಕ್ಕ ಇದ್ರ ಇಲ್ರಿ."

"ಯಾರ್ದು ಚೊಕ್ಕ ಅದಂತ ಹಣಿ ಮ್ಯಾಲ ಬರ್ದಿರ್ತದೇನ್ರಿ?"

ಅವನು ಪಟ್ಟಿಯನ್ನು ಮುಟ್ಟಿಕೊಂಡ. "ನನ್ನ ಹಣಿ ಮ್ಯಾಲ ನೀವು ಬರ್ದೀರಲ್ಲ. ಓದಿ ನೋಡ್ರಿ."

ಅವಳು ಮುಖ ತಿರುವಿದಳು. ಕಿವಿ ಮಾತ್ರ ಬಿಸಿಯಾಗಿತ್ತು.

*

ಶನಿವಾರ ರಿಪೋರ್ಟು ತರಲು ಇಬ್ಬರೂ ಭಾಲ್ಕಿಗೆ ಹೋದರು. ಬಸ್ಸಿನಲ್ಲಿ ಅವನು ಎರಡು ಬಾಟಲಿ ನೀರು ತಂದಿದ್ದ. ಹಳ್ಳಿ ಬಂದಾಗಲೊಮ್ಮೆ, "ಕುಡೀರಿ. ನೀರು ಕಮ್ಮಿಯಾದ್ರ ನಿಮ್ಮ ರಕ್ತಕ್ಕ ಸಿಟ್ಟು ಬರ್ತದ," ಎನ್ನುವನು. "ರಕ್ತಕ್ಕಷ್ಟೇ ಅಲ್ರಿ," ಎಂದು ಅವಳು ಕೋಲು ತೋರಿಸುವಳು. ಕುಡಿದು ಬಾಟಲಿ ಕೊಟ್ಟಾಗ ಅವನು ಅದರಿಂದಲೇ ಒಂದು ಗುಟುಕು ಕುಡಿದ. ಇಬ್ಬರೂ ಅದನ್ನು ಕಂಡೂ ಕಾಣದವರಂತೆ ಕಿಟಕಿ ನೋಡಿದರು.

ಬಕ್ಕಪ್ಪನ ಜೆರಾಕ್ಸ್ ಅಂಗಡಿಯಲ್ಲಿ ಕಪಾಟಿನ ತುಂಬ ಜನರ ಕಾಗದಗಳೇ. ರಿಪೋರ್ಟ್ ಕೇಳಿದ್ದಕ್ಕೆ ಅವನು ಹಲ್ಲು ಕಿರಿದ. "ನನ್ನ ಬಿಟ್ಟು ಕಾರ್ಡು ಮಾಡ್ಸ್ಕೋತೀರಿ? ತಗೋರಿ ಹಂಗಾದ್ರ," ಎಂದು ಕಾಗದವನ್ನು ತೆಗೆದು ಹರಿಯಲು ಎರಡೂ ಕೈಯಲ್ಲಿ ಹಿಡಿದ.

ಎಲೀಷ ಮೇಜನ್ನು ಹಾರಿಯೇ ಬಿಟ್ಟ. ಮೆತ್ತಗಿನ ಮನುಷ್ಯ ಅಷ್ಟೆತ್ತರ ಹಾರುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ಬಕ್ಕಪ್ಪನ ಇಬ್ಬರು ಆಳುಗಳು ಅವನನ್ನು ಹೊರಗೆಳೆದು ಶಟರ್ ಎಳೆಯುವ ಕಬ್ಬಿಣದ ಸರಳಿನಿಂದ ಹೊಡೆದರು. ಒಂದು ಏಟು ಬೆನ್ನಿಗೆ, ಒಂದು ಬಲಗಾಲಿಗೆ. ಕಾಲಿನ ಎಲುಬು ಮುರಿದ ಸದ್ದು ಶೇವಂತಾಗೆ ಕೇಳಿಸಿತು. ಎಲುಬಿನ ನೋವನ್ನು ಅವಳಷ್ಟು ಬಲ್ಲವರು ಆ ಪೇಟೆಯಲ್ಲಿ ಇರಲಿಲ್ಲ.

ಆಮೇಲಿನದು ಅವಳಿಗೆ ಪೂರ್ತಿ ನೆನಪಿಲ್ಲ. ಬಕ್ಕಪ್ಪನ ಮಣಿಕಟ್ಟಿಗೆ ಹಲ್ಲು ನೆಟ್ಟಿದ್ದು, ಬಾಯಲ್ಲಿ ಉಪ್ಪು ರುಚಿ ಬಂದದ್ದು ನೆನಪಿದೆ. ಕಾಗದ ಕಿತ್ತುಕೊಂಡು ರವಿಕೆಯಲ್ಲಿ ಸಿಕ್ಕಿಸಿ, ಸರಳು ಹಿಡಿದವನ ಬೆನ್ನ ಮೇಲೆ ಕೋಲು ಬೀಸಿದಾಗ ಕೋಲು ನಡುವಿನಲ್ಲೇ ಮುರಿಯಿತು. ಬಸ್ ಸ್ಟ್ಯಾಂಡಿನ ಜನ ಕೂಡಿದ ಮೇಲೆಯೇ ಬಕ್ಕಪ್ಪನ ಆಳುಗಳು ಓಡಿದ್ದು.

ಆಟೋದಲ್ಲಿ ಎಲೀಷನ ತಲೆ ಅವಳ ತೊಡೆಯ ಮೇಲಿತ್ತು, ಮುರಿದ ಕೋಲಿನ ಎರಡು ತುಂಡು ಅವನ ಕೈಯಲ್ಲಿದ್ದವು. ತುಟಿ ಒಡೆದು ಊದಿತ್ತು. "ಶೇವಂತಾ," ಅಂದ, ಮೊದಲ ಸಲ ಬರೇ ಹೆಸರು, "ಈಗ ನಾ ಖರೇನೇ ಕುಂಟ್ತೇನಿ."

"ಸುಮ್ಮಕಿರ್ರಿ," ಎಂದು ಗದರಿದಳು. ಅವನ ಕೂದಲಲ್ಲಿದ್ದ ಅವಳ ಬೆರಳು ಗದರಲಿಲ್ಲ.

*

ಮಂಗಳವಾರ ಮಧ್ಯಾಹ್ನ ಪಂಢರಿಗೆ ಸುದ್ದಿ ಮುಟ್ಟಿತು. ಯಾವನೋ ಗಂಡಸಿನ ಕೂಡ ಭಾಲ್ಕಿಯ ಬೀದಿಯಲ್ಲಿ ಬಡಿದಾಡಿದಳಂತೆ. ಜಡೆ ಹಿಡಿದು ಅಂಗಳಕ್ಕೆಳೆದ. "ಕಬ್ಬು ಕಡೀಲಾಕ ಬ್ಯಾನಿ, ಗುದ್ದಾಡ್ಲಾಕ ಬ್ಯಾನಿ ಇಲ್ಲೇನು?" ಒಂದೊಂದು ಮಾತಿಗೆ ಒಂದೊಂದು ಏಟು. ಕಣ್ಣು ಬಾತು ಮುಚ್ಚಿತು. ಕೋಲಿಲ್ಲದ ಕೌಸಲ್ಯಾಬಾಯಿ ನೆಲದ ಮೇಲೆ ತೆವಳಿಕೊಂಡೇ ಬಂದು ನಡುವೆ ಬಿದ್ದಳು. ಆಮೇಲೆ ಅವನ ಕೈ ನಿಂತಿತು.

ಬುಧವಾರ ಆ ಮುಖ ಹೊತ್ತೇ ಶೇವಂತಾ ಬೋರ್ಡಿನ ಮುಂದೆ ಸೀದಾ ನಡೆದುಹೋದಳು. ರಕ್ತದ ಕಲೆಯಾದ ರಿಪೋರ್ಟನ್ನು ಮೇಜಿನ ಮೇಲಿಟ್ಟಳು. ಹಿರಿಯ ಡಾಕ್ಟರು ಕನ್ನಡಕ ಏರಿಸಿ ಅವಳ ಕಣ್ಣಿನ ಬಾವು ನೋಡಿದರು. "ಇದೂ ಅದೇ ಬ್ಯಾನಿಯಿಂದ ಆಗ್ಯದೇನಮ್ಮ?"

"ಇಲ್ರಿ ಸಾಹೇಬ್ರ. ಇದು ಅಣ್ಣ ಮಾಡಿದ್ದು. ನಾಕು ದಿನದಾಗ ಹೋಗ್ತದ. ಅದು ರಕ್ತದ್ದು, ಹೋಗಂಗಿಲ್ಲ."

ಅವರು ಬಹಳ ಹೊತ್ತು ಅವಳ ಸೊಂಟ, ಮೊಣಕಾಲು ಎಲ್ಲ ಬಗ್ಗಿಸಿ ನೋಡಿದರು. ಸಂಜೆಗೆ ಸರ್ಟಿಫಿಕೇಟು ಕೈಗೆ ಬಂತು. ಶೇಕಡಾ ಐವತ್ತು, ಕೆಳಗೆ ದುಂಡನೆಯ ಮೊಹರು.

ಹೊರಗಿನ ಮೇಜಿನ ಹಿಂದೆ ಬೇರೆ ಯಾರೋ ಕೂತಿದ್ದರು. "ಎಲೀಷ ಸರ್ ರಜಾದ ಮ್ಯಾಲ ಹೋಗ್ಯಾರ," ಎಂದಷ್ಟೇ ಅಂದರು.

ಗುರುವಾರ ಪಂಢರಿ ಹೊಸ್ತಿಲಲ್ಲಿ ಕೂತು ಆ ಕಾಗದವನ್ನು ಎರಡು ಸಲ ಓದಿದ. ಅವನು ಏಳನೇ ತರಗತಿ ಓದಿದವನು. ಎರಡನೇ ಸಲ ಓದುವಾಗ ಬೆರಳು ಮೊಹರಿನ ಮೇಲೆ ನಿಂತಿತು.

"ಹಂಗಾದ್ರ ಹೋದ ವರ್ಷ... ಕಬ್ಬಿನ್ಯಾಗ ನೀ ಖರೇನೇ ಬಿದ್ದಿದ್ದಿ?"

"ಹೂಂ."

"ನಾ ಒದ್ದಿದ್ದೆ."

"ಹೂಂ, ಅಣ್ಣಾ. ಮೂರು ಸಲಾನೂ."

ಅವನು ಕಾಗದವನ್ನು ಮಡಚಿ ಅವಳ ಮಡಿಲಲ್ಲಿಟ್ಟು ಎದ್ದುಹೋದ. ಶುಕ್ರವಾರದ ಲಾರಿಗೆ ಬೇರೆ ಊರಿನ ಒಂಟಿ ಆಳೊಬ್ಬನನ್ನು ಜೋಡಿ ಮಾಡಿಕೊಂಡು ಹೋದ. ಹೋಗುವಾಗ ತಂಗಿಯ ಮುಖ ನೋಡಲಿಲ್ಲ. ನೋಡಲು ಆಗಲಿಲ್ಲ ಎಂದರೆ ಸರಿ. ಅವಳೂ ಕ್ಷಮಿಸಿದೆ ಎನ್ನಲಿಲ್ಲ. ಬೆನ್ನ ಮೇಲಿನ ಬಾಸುಂಡೆ ಇನ್ನೂ ಹಸಿಯಾಗಿತ್ತು.

*

ಒಂದು ವಾರ ಆಯಿತು. ಎರಡಾಯಿತು. ಊರು ಅರ್ಧ ಖಾಲಿಯಾಗಿತ್ತು. ಔರಾದದ ಬಸ್ಸು ಬಂದಾಗಲೆಲ್ಲ ಶೇವಂತಾ ಬಾಗಿಲಿಗೆ ಬಂದು ನಿಲ್ಲುವಳು. ಯಾರಿಗೆ ಕಾಯುತ್ತೀ ಎಂದು ಅತ್ತೆ ಕೇಳಿದರೆ, "ಟ್ಯಾಂಕರಿಗಿ," ಎನ್ನುವಳು. ನನಗಾಗಿ ಕಾಲು ಮುರಿಸಿಕೊಂಡವನು ಮತ್ತೇಕೆ ಬಂದಾನು ಎಂದು ತನಗೇ ಹೇಳಿಕೊಳ್ಳುವಳು. ಹೇಳಿಕೊಂಡಷ್ಟೂ ಎದೆ ಉರಿಯುತ್ತಿತ್ತು.

ನಾಲ್ಕನೇ ವಾರ ಬಸ್ಸಿನಿಂದ ಮೊದಲು ಒಂದು ಕೋಲು ಇಳಿಯಿತು. ಮುರಿದಲ್ಲಿ ತಂತಿ ಸುತ್ತಿ ಬಿಗಿದ ಕೋಲು. ಅದೇ ಹಿತ್ತಾಳೆ ಬಳೆ, ಅದೇ ನೀಲಿ ದಾರ. ಹಿಂದೆ ಪ್ಲಾಸ್ಟರಿನ ಕಾಲು, ಅದರ ಹಿಂದೆ ಎಲೀಷ.

ಅವಳಿಗೆ ಓಡಿಹೋಗಬೇಕೆನಿಸಿತು. ಸೊಂಟಕ್ಕೆ ಕೈಯಿಟ್ಟು ನಿಂತಳು. "ಈ ಕೋಲು ನನಗ ಗುರ್ತದ್ರಿ. ಯಾವ ಕಾಲು?"

"ಬಲಗಾಲ್ರಿ."

"ನಾಟಕ ಬ್ಯಾಡ್ರಿ." ಒಂದು ಹೆಜ್ಜೆ ಮುಂದೆ ಬಂದಳು. "ನಾಕು ವಾರ ಎಲ್ಲಿ ಸತ್ತಿದ್ರಿ?"

ಅವನು ಅಂಗಿಯ ಜೇಬಿನಿಂದ ಒಂದು ಲಕೋಟೆ ತೆಗೆದ. ತನಗೆ ಅಂಗವಿಕಲರ ಪಿಂಚಣಿ ಮಂಜೂರಾದ ಕಾಗದವಿರಬೇಕೆಂದು ಅವಳು ಬಿಡಿಸಿದಳು. ಹೈದರಾಬಾದಿನ ಅದೇ ಆಸ್ಪತ್ರೆಯ ರಕ್ತದ ರಿಪೋರ್ಟು. ಹೆಸರಿನ ಜಾಗದಲ್ಲಿ ಎಲೀಷ ಯೇಸುದಾಸ. ಆ ಪಟ್ಟಿಯ ಒಂದೊಂದು ಸಾಲೂ ಅವಳಿಗೆ ಬಾಯಿಪಾಠ. ತನ್ನದರಲ್ಲಿ ಎಣಿಕೆ ಏರಿ ಕೂತಿದ್ದ ಸಾಲಿನಲ್ಲಿ ಇವನದು ಸೊನ್ನೆ.

"ಕಾಲಿಗಿ ಪ್ಲಾಸ್ಟರ್ ಹಾಕಿದ ಮರುದಿನಾನೇ ರಕ್ತ ಕಳ್ಸಿದ್ದೆ. ಬರೋತನಕ ಬರಬಾರ್ದು ಅನ್ಕೊಂಡೆ," ಎಲೀಷ ಅಂದ. ಕಿವಿಯವರೆಗೂ ಕೆಂಪಾಗಿದ್ದ. "ಹಣಿ ಮ್ಯಾಲ ಬರ್ದಿರಂಗಿಲ್ಲ ಅಂದಿದ್ರಲ್ಲ. ಕಾಗದದ ಮ್ಯಾಲ ಬರ್ಸ್ಕೊಂಡು ಬಂದೀನಿ. ಅರ್ಧಾನೂ ಇಲ್ಲ, ಶೇವಂತಾ. ಪೂರಾ ಚೊಕ್ಕ ಅದ. ನನಗ ನಿಮ್ಮ ಮ್ಯಾಲ ಜೀವ ಅದ. ಇನ್ನ ನೀವು ಹೂಂ ಅನ್ರಿ, ಇಲ್ಲಾ ಹೊಡೀರಿ."

ಅವಳು ಕಾಗದವನ್ನು ಮುಖಕ್ಕೆ ಒತ್ತಿಕೊಂಡಳು. ಏಟು ತಿಂದಾಗ ಬಾರದ ಅಳು, ಬೋರ್ಡಿನ ಮುಂದೆ ಬಾರದ ಅಳು, ಎಲ್ಲ ಅಂದೇ ಬಂತು. ಅಳುತ್ತಲೇ ಮುಷ್ಟಿ ಕಟ್ಟಿ ಅವನ ಎದೆಗೆ ಗುದ್ದಿದಳು, ಒಮ್ಮೆ, ಇನ್ನೊಮ್ಮೆ. ಅವನು ಕೋಲು ಬಿಟ್ಟು ಎರಡೂ ಕೈಯಿಂದ ಆ ಮುಷ್ಟಿಯನ್ನು ಹಿಡಿದುಕೊಂಡ.

"ಇದು ಹೂಂ ಏನ್ರಿ?"

"ಹೂಂ," ಅಂದಳು.

ಒಳಗಿನಿಂದ ಅವಳು ಒಂದು ತಂಬಿಗೆ ನೀರು ತಂದಳು. ಕೊಡದ ಕೊನೆಯ ನೀರು. ಅವನು ಅದನ್ನು ಅವಳ ಬಾಯಿಗೇ ಹಿಡಿದು, "ಮೊದಲು ನೀವು," ಎಂದ.

ಅದೇ ಹೊತ್ತಿಗೆ ಮೂಲೆಮನೆಯ ಮಾಣಿಕ ಬಂದು ಬಾಗಿಲ ಬಳಿ ನಿಂತ. ಅವನಿಗೆ ಬುಧವಾರ ಬೋರ್ಡಿಗೆ ಹೋಗುವುದಿತ್ತು. "ಕೌಸಲ್ಯಾಬಾಯಿ, ಕೋಲು ಬೇಕಾಗಿತ್ತು ನೋಡು."

ಕೌಸಲ್ಯಾಬಾಯಿ ಅಂಗಳದಲ್ಲಿ ನಿಂತಿದ್ದ ಇಬ್ಬರನ್ನೂ ಒಮ್ಮೆ ನೋಡಿದಳು.

"ಸೀದಾ ನಡ್ಕೋತ ಹೋಗಪಾ," ಅಂದಳು. "ಕೋಲು ಖಾಲಿ ಇಲ್ಲ. ಅದು ಈಗ ನಮ್ಮ ಅಳಿಯಂದು."